ರಾಯಚೂರು ಕೋಟೆಯ ಮುತ್ತಿಗೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು ಅಂದ ಕೂಡಲೇ ಹೊರಗಿನವರಿಗೆ ಬಿಸಿಲು ನೆನಪಾಗುತ್ತದೆ, ಇಲ್ಲವೇ ಶಕ್ತಿನಗರದ ವಿದ್ಯುತ್ ಸ್ಥಾವರ. ಆದರೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ದಕ್ಷಿಣದ ದೊಡ್ಡ ರಾಜ್ಯಗಳು ಈ ಊರಿನ ಬಾಗಿಲಿಗೆ ಬಂದು ಬಡಿದಾಡಿವೆ. ಕೋಟೆ ನೋಡಲು ಬಂದವರು, ಪಾಠದಲ್ಲಿ ಎರಡು ಸಾಲು ಓದಿ ಸಾಲದೆ ಬಂದ ವಿದ್ಯಾರ್ಥಿಗಳು, ಇಲ್ಲಿನವರೇ ಆಗಿದ್ದೂ ಈ ಗೋಡೆಗಳ ಕಥೆ ಕೇಳದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. 1520ರ ಮುತ್ತಿಗೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಂದು ಕೋಟೆ ನಿಜವಾಗಿ ಹೇಗೆ ಬೀಳುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ರಾಯಚೂರಿಗಾಗಿ ಇಷ್ಟೊಂದು ಜಗಳ ಯಾಕೆ?

ನಕ್ಷೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವಿನ ನೆಲಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಈಗ ರಾಯಚೂರು ದೋಆಬ್ ಅನ್ನುತ್ತೇವೆ.

ವಿಜಯನಗರದ ರಾಜಧಾನಿ ತುಂಗಭದ್ರಾ ದಂಡೆಯಲ್ಲೇ ಇತ್ತು. ದೋಆಬ್ ಶತ್ರುವಿನ ಕೈಯಲ್ಲಿದ್ದರೆ ಅವನ ದಂಡು ನೇರ ಹೊಳೆಯ ಆಚೆ ದಡಕ್ಕೆ ಬಂದು ನಿಲ್ಲುತ್ತಿತ್ತು. ಅತ್ತ ಬಹಮನಿ ಸುಲ್ತಾನರಿಗೆ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳಿಗೂ ಇದೇ ಭಯ. ದೋಆಬ್ ರಾಯರ ಪಾಲಾದರೆ ಕೃಷ್ಣೆಯ ದಂಡೆವರೆಗೂ ಅವರದೇ ಕಾವಲು. ಇಬ್ಬರಿಗೂ ಇದು ಮನೆ ಬಾಗಿಲ ನೆಲ.

ಎರೆ ಭೂಮಿಯ ಬೆಳೆ, ಅದರಿಂದ ಬರುವ ಕಂದಾಯ, ಹಟ್ಟಿ ಸುತ್ತಮುತ್ತ ಬಹಳ ಹಿಂದಿನಿಂದ ನಡೆದ ಚಿನ್ನದ ಗಣಿಗಾರಿಕೆ, ಇವೂ ಲೆಕ್ಕಕ್ಕೆ ಬರುತ್ತವೆ. ಆದರೂ ನನಗೆ ಮುಖ್ಯ ಅನ್ನಿಸುವುದು ಕೋಟೆಗಳೇ. ಬಯಲು ಸೀಮೆಯನ್ನು ಸುಮ್ನೆ ದಂಡು ಕಟ್ಟಿಕೊಂಡು ಹೋಗಿ ಕೊಳ್ಳೆ ಹೊಡೆಯಬಹುದು. ಉಳಿಸಿಕೊಳ್ಳಬೇಕಾದರೆ ರಾಯಚೂರು ಮತ್ತು ಮುದಗಲ್, ಎರಡೂ ಕೈಯಲ್ಲಿರಬೇಕು. ಅದಕ್ಕೇ ದಾಖಲೆಗಳಲ್ಲಿ ಈ ಎರಡು ಹೆಸರು ಸದಾ ಜೊತೆಯಾಗಿಯೇ ಬರುತ್ತವೆ.

ಕೋಟೆ ಕಟ್ಟಿದ್ದು ಕೃಷ್ಣದೇವರಾಯನಾ?

ಅಲ್ಲ. ವಿಜಯನಗರ ಹುಟ್ಟುವ ಮೊದಲೇ ಇಲ್ಲಿ ಕೋಟೆ ಇತ್ತು. ಒಳಕೋಟೆ ಕಾಕತೀಯರ ಕಾಲದ್ದು. 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥ ಎಂಬ ಅಧಿಕಾರಿ ಇದನ್ನು ಕಟ್ಟಿಸಿದ ಎಂದು ಕೋಟೆಯ ಗೋಡೆಯಲ್ಲೇ ಇರುವ ತೆಲುಗು ಶಾಸನ ಹೇಳುತ್ತದೆ. ಆದವಾನಿ, ಮಾನ್ವಿಯಂಥ ಕೋಟೆಗಳನ್ನು ಗೆದ್ದ ಮೇಲೆ ಇಲ್ಲಿ ಕಟ್ಟಿಸಿದ್ದು.

ಆ ಶಾಸನವಿರುವ ಕಲ್ಲನ್ನು ನೋಡಲೇಬೇಕು. ಒಂದೇ ಕಲ್ಲು, ಸುಮಾರು 41 ಅಡಿ ಉದ್ದ. ಇಂಥ ಕಲ್ಲನ್ನು ತಂದದ್ದು ಹೇಗೆ ಎಂದು ಯಾರಾದರೂ ಕೇಳಿಯಾರು ಎಂದು ಆಗಿನವರಿಗೇ ಅನ್ನಿಸಿರಬೇಕು. ಪಕ್ಕದಲ್ಲೇ ಚಿತ್ರ ಕೊರೆದಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಎಳೆಯುವ ಕೋಣಗಳ ಉದ್ದನೆ ಸಾಲು, ಹಿಂದೆ ಸನ್ನೆಗೋಲು ಹಾಕಿ ಗಾಲಿ ಮೀಟುವ ಆಳುಗಳು. ರಾಜರ ಹೆಸರಿರುವ ಕಲ್ಲುಗಳು ನಮ್ಮಲ್ಲಿ ಸಾವಿರಾರು ಇವೆ. ಕೆಲಸ ಮಾಡಿದವರನ್ನು ಹೀಗೆ ಕೆತ್ತಿ ತೋರಿಸಿದ್ದು ಅಪರೂಪ.

ಹೊರಕೋಟೆ ಬಹಮನಿ ಕಾಲದ್ದು, ಹದಿನೈದನೇ ಶತಮಾನದ ಕೊನೆಯ ಭಾಗದ ಕೆಲಸ. ಒಳಗೋಡೆಯ ಕಲ್ಲುಗಳು ದೊಡ್ಡವು, ನುಣುಪಾಗಿ ತಿದ್ದಿದವು, ಗಾರೆ ಇಲ್ಲದೆ ಒಂದರ ಮೇಲೊಂದು ಕೂತಿವೆ. ಹೊರಗೋಡೆಯ ಕಲ್ಲುಗಳು ಅಷ್ಟು ಒಂದೇ ಸಮ ಇಲ್ಲ. ಮೂರು ಕಡೆ ಹೊರಗೋಡೆ ಮತ್ತು ಕಂದಕ. ದಕ್ಷಿಣಕ್ಕೆ ಬಂಡೆಗುಡ್ಡಗಳ ಸಾಲೇ ಕಾವಲು. ಆ ಗುಡ್ಡದ ನೆತ್ತಿಯಲ್ಲಿ ಬಾಲಾಹಿಸಾರ್, ಅಂದರೆ ಮೇಲಿನ ಕೋಟೆ, ಇದೆ.

ಹಾಗಾದರೆ ವಿಜಯನಗರದ ಗುರುತು? ಉತ್ತರದ ನವರಂಗಿ ದರ್ವಾಜಾಕ್ಕೆ ಹೋಗಿ. ಅಲ್ಲಿನ ಕೆತ್ತನೆಗಳಲ್ಲಿ ವಿಜಯನಗರದ ಶಿಲ್ಪಿಗಳ ಕೈ ಕಾಣುತ್ತದೆ.

ಒಟ್ಟು ಎಷ್ಟು ಸಲ ಕೈ ಬದಲಾಯಿತು?

ಒಂದು ಸಂಖ್ಯೆ ಕೊಡುವುದಕ್ಕಿಂತ ದಾರಿ ಹೇಳುತ್ತೇನೆ. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು. 1360ರ ದಶಕದಲ್ಲೇ ಬುಕ್ಕರಾಯನಿಗೂ ಮೊದಲನೇ ಮುಹಮ್ಮದ್ ಶಾಹನಿಗೂ ಮುದಗಲ್ ವಿಷಯಕ್ಕೆ ಭೀಕರ ಯುದ್ಧ ನಡೆಯಿತು. 1398ರಲ್ಲಿ ಎರಡನೇ ಹರಿಹರನ ಕಾಲದಲ್ಲಿ ಮತ್ತೆ. 1406ರಲ್ಲಿ ಮತ್ತೆ. 1443ರಲ್ಲಿ ಎರಡನೇ ದೇವರಾಯ ತುಂಗಭದ್ರಾ ದಾಟಿ ಮುದಗಲ್ ಹಿಡಿದ. ರಾಯಚೂರು ಮತ್ತು ಬಂಕಾಪುರಕ್ಕೆ ಮುತ್ತಿಗೆ ಹಾಕಲು ಮಕ್ಕಳನ್ನು ಕಳಿಸಿದ ಎಂದು ಬಿಜಾಪುರದ ಆಸ್ಥಾನದ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಎರಡು ತಿಂಗಳ ಹೋರಾಟದ ಮೇಲೆ ಸಂಧಿಯಾಯಿತು, ಗಡಿ ಹೆಚ್ಚೇನೂ ಅಲುಗಲಿಲ್ಲ.

ಬಹಮನಿ ರಾಜ್ಯ ಒಡೆಯುವ ಹೊತ್ತಿಗೆ, 1490ರ ದಶಕದ ಶುರುವಿನಲ್ಲಿ, ವಿಜಯನಗರದ ನರಸನಾಯಕನ ಕಡೆಯವರು ರಾಯಚೂರು, ಮುದಗಲ್ ಎರಡನ್ನೂ ಹಿಡಿದರು. ಸ್ವಲ್ಪ ಸಮಯದಲ್ಲೇ ಬಿಜಾಪುರದ ಯೂಸುಫ್ ಆದಿಲ್ ಖಾನ್ ವಾಪಸ್ ಪಡೆದ. 1520ರಲ್ಲಿ ಕೃಷ್ಣದೇವರಾಯ ಗೆದ್ದ. 1530ರಲ್ಲಿ ಇಸ್ಮಾಯಿಲ್ ಆದಿಲ್ ಶಾ ಮರಳಿ ಪಡೆದ. 1550ರ ದಶಕದಲ್ಲಿ ವಿಜಯನಗರದ ರಾಮರಾಯನ ಪಾಲಾಯಿತು. 1565ರ ನಂತರ ಬಿಜಾಪುರದ್ದೇ.

ಗಮನಿಸಿ: ಗೆದ್ದವರು ಯಾರೇ ಇರಲಿ, ಒಂದು ತಲೆಮಾರು ಕೂಡ ನೆಮ್ಮದಿಯಾಗಿ ಇಟ್ಟುಕೊಂಡದ್ದು ಕಡಿಮೆ.

ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ಯುದ್ಧ ನಡೆಯಿತಂತೆ, ನಿಜವೇ?

ಇದು 1406ರ ಕಥೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ರೂಪದ ಸುದ್ದಿ ಕೇಳಿ ಒಂದನೇ ದೇವರಾಯ ಆಕೆಗಾಗಿ ದಂಡು ಕಳಿಸಿದ, ಅದಕ್ಕೆ ಫಿರೋಜ್ ಶಾ ಬಹಮನಿ ಯುದ್ಧಕ್ಕೆ ಬಂದ, ಕೊನೆಗೆ ಆಕೆಯನ್ನು ಸುಲ್ತಾನನ ಮಗನಿಗೆ ಮದುವೆ ಮಾಡಿದರು ಎಂದು ಫೆರಿಷ್ತಾ ಹೇಳುತ್ತಾನೆ.

ಯುದ್ಧ ನಡೆದದ್ದು ನಿಜ. ಕಾರಣದ ಬಗ್ಗೆ ನನಗೆ ನಂಬಿಕೆ ಕಡಿಮೆ. ಫೆರಿಷ್ತಾ ಬರೆದದ್ದು ಇನ್ನೂರು ವರ್ಷದ ನಂತರ, ಬಿಜಾಪುರದ ಆಸ್ಥಾನದಲ್ಲಿ ಕೂತು. ಅಷ್ಟು ಹೊತ್ತಿಗೆ ಕಥೆಗೆ ರೆಕ್ಕೆಪುಕ್ಕ ಬಂದಿರುತ್ತದೆ. ದೋಆಬ್‌ಗಾಗಿ ಅದಾಗಲೇ ಅರ್ಧ ಶತಮಾನದಿಂದ ಬಡಿದಾಡುತ್ತಿದ್ದವರಿಗೆ ಯುದ್ಧಕ್ಕೆ ಹೊಸ ನೆಪವೇನೂ ಬೇಕಿರಲಿಲ್ಲ.

1520ರ ಯುದ್ಧ ಶುರುವಾದದ್ದು ಕುದುರೆಗಳಿಂದ ಅನ್ನುತ್ತಾರಲ್ಲ?

ಹೌದು, ತಕ್ಷಣದ ಕಾರಣ ಅದೇ. ಇದನ್ನು ಬರೆದಿಟ್ಟವನು ಫೆರ್ನಾವ್ ನೂನಿಜ್. ಪೋರ್ಚುಗೀಸ್ ಕುದುರೆ ವ್ಯಾಪಾರಿ. 1535ರ ಹೊತ್ತಿಗೆ ವಿಜಯನಗರದಲ್ಲಿದ್ದ. ಯುದ್ಧ ನಡೆದು ಹದಿನೈದು ವರ್ಷವಷ್ಟೇ ಆಗಿತ್ತು. ಅದರಲ್ಲಿ ಕಾದಾಡಿದವರು ಇನ್ನೂ ಬದುಕಿದ್ದರು.

ಅವನ ಪ್ರಕಾರ ಕೃಷ್ಣದೇವರಾಯ ಸಯ್ಯದ್ ಮರಕ್ಕಾರ್ ಎಂಬ ವ್ಯಾಪಾರಿಯ ಕೈಗೆ 40,000 ಪರ್ದಾವ್ (ಹೊನ್ನಿನ ನಾಣ್ಯ) ಕೊಟ್ಟು ಗೋವಾದಿಂದ ಕುದುರೆ ತರಲು ಕಳಿಸಿದ. ಆತ ಹಣದ ಸಮೇತ ಬಿಜಾಪುರದ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದ. ಎರಡೂ ರಾಜ್ಯಗಳ ನಡುವೆ ಆಗ ಶಾಂತಿ ಒಪ್ಪಂದವಿತ್ತು. ತಪ್ಪಿಸಿಕೊಂಡು ಬಂದವರನ್ನು ಇಟ್ಟುಕೊಳ್ಳಬಾರದು ಅನ್ನುವುದು ಅದರ ಷರತ್ತು. ರಾಯ ಅವನನ್ನು ಒಪ್ಪಿಸಿ ಎಂದ. ಆದಿಲ್ ಶಾ ಒಪ್ಪಿಸಲಿಲ್ಲ, ಬದಲಿಗೆ ದಾಭೋಳ ಬಂದರನ್ನು ಆತನಿಗೆ ಕೊಟ್ಟ. ಒಪ್ಪಂದ ಮುರಿದದ್ದು ಅವರೇ ಎಂದು ಹೇಳಲು ರಾಯನಿಗೆ ಇಷ್ಟು ಸಾಕಾಯಿತು.

ಕುದುರೆ ಆಗಿನ ಯುದ್ಧದ ಜೀವ. ಒಳ್ಳೆಯ ಕುದುರೆಗಳು ಅರಬ್ ಮತ್ತು ಪರ್ಶಿಯಾದ ಬಂದರುಗಳಿಂದ ಹಡಗಿನಲ್ಲಿ ಬರಬೇಕಿತ್ತು. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಬಿಜಾಪುರದಿಂದ ಕಿತ್ತುಕೊಂಡ ಮೇಲೆ ಆ ವ್ಯಾಪಾರದ ಬಾಗಿಲು ಅವರ ಕೈಗೆ ಹೋಗಿತ್ತು.

ಆದರೆ ಬೇರು ಇನ್ನೂ ಹಳೆಯದು. ಸಾಯುವ ಮುನ್ನ ವಿಜಯನಗರದ ಹಿಂದಿನ ದೊರೆ ಸಾಳುವ ನರಸಿಂಹ ರಾಯಚೂರು, ಉದಯಗಿರಿಯಂಥ ಕೋಟೆಗಳನ್ನು ಗೆಲ್ಲಲೇಬೇಕು ಎಂದು ಹೇಳಿಹೋಗಿದ್ದನಂತೆ. ಉದಯಗಿರಿಯನ್ನು ಒಂದೂವರೆ ವರ್ಷ ಮುತ್ತಿಗೆ ಹಾಕಿ 1514ರಲ್ಲಿ ಕೃಷ್ಣದೇವರಾಯ ಒಡಿಶಾದ ಗಜಪತಿಗಳಿಂದ ಪಡೆದಿದ್ದ. ಉಳಿದದ್ದು ರಾಯಚೂರು.

ಏಳು ಲಕ್ಷ ಸೈನ್ಯ ಅನ್ನುವುದು ನಂಬುವ ಮಾತೇ?

ನೂನಿಜ್ ಒಬ್ಬೊಬ್ಬ ದಳಪತಿಯ ಪಡೆಯನ್ನೂ ಬೇರೆ ಬೇರೆ ಎಣಿಸಿದ್ದಾನೆ. ಕೂಡಿದರೆ 7 ಲಕ್ಷಕ್ಕೂ ಜಾಸ್ತಿ ಕಾಲಾಳು, 32,600 ಕುದುರೆ, 551 ಆನೆ ಆಗುತ್ತವೆ. ಕುದುರೆ ಮತ್ತು ಆನೆಯ ಲೆಕ್ಕ ಒಪ್ಪಬಹುದಾದದ್ದು. ಏಳು ಲಕ್ಷ ಕಾಲಾಳನ್ನು ಬೇಸಿಗೆಯಲ್ಲಿ ರಾಯಚೂರಿನ ಬಯಲಲ್ಲಿ ತಿಂಗಳುಗಟ್ಟಲೆ ಸಾಕುವುದು ಅಸಾಧ್ಯ ಅಂತ ನನಗೆ ಅನ್ನಿಸುತ್ತದೆ. ಇಲ್ಲಿನ ಏಪ್ರಿಲ್ ಕಂಡವರು ಒಪ್ಪುತ್ತಾರೆ.

ಆದರೆ ದಂಡಿನ ಜೊತೆ ಹೋದವರೆಲ್ಲ ಸೈನಿಕರಲ್ಲ ಅನ್ನುವುದನ್ನು ಮರೆಯಬಾರದು. ದಾರಿಯುದ್ದಕ್ಕೂ ನೀರು ಕೊಡಲು ಚರ್ಮದ ಚೀಲ ಹೊತ್ತ ಸಾವಿರಾರು ಜನ. ಲೆಕ್ಕವಿಲ್ಲದಷ್ಟು ಅಗಸರು. ವ್ಯಾಪಾರಿಗಳು, ಅಕ್ಕಸಾಲಿಗರು, ಹೆಂಗಸರು. ಬೀಡಿನಲ್ಲೇ ಸಂತೆ ನಡೆಯುತ್ತಿತ್ತು. ಊರಲ್ಲಿ ಸಿಗುವುದೆಲ್ಲ ಅಲ್ಲೂ ಸಿಗುತ್ತಿತ್ತು ಎಂದು ನೂನಿಜ್ ಬರೆಯುತ್ತಾನೆ. ಒಂದು ಊರಿನ ಮುಂದೆ ಅದಕ್ಕಿಂತ ದೊಡ್ಡ ಇನ್ನೊಂದು ಊರೇ ಬಂದು ಕೂತಿತ್ತು.

ಕೋಟೆಯೊಳಗೆ ಎಷ್ಟು ಜನ ಇದ್ದರು? ಎಷ್ಟು ದಿನ ತಡೆಯುವ ಶಕ್ತಿ ಇತ್ತು?

8,000 ಕಾವಲುಪಡೆ, 400 ಕುದುರೆ, 20 ಆನೆ. ಜೊತೆಗೆ ಕಲ್ಲೆಸೆಯುವ 30 ಯಂತ್ರ, 200 ದೊಡ್ಡ ತೋಪು, ಸಣ್ಣವು ಬೇರೆ. ಇದೂ ನೂನಿಜ್ ಕೊಟ್ಟ ಲೆಕ್ಕ.

ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ವಿವರ. ಗುಡ್ಡದ ನೆತ್ತಿಯಲ್ಲಿ ವರ್ಷವಿಡೀ ಬತ್ತದ ಒಂದು ಒರತೆ ಇತ್ತು. ಅದನ್ನು ಜನ ದೈವದ ಕೃಪೆ ಎಂದು ನಂಬಿದ್ದರು. ಅದಲ್ಲದೆ ಕೆರೆ, ಬಾವಿಗಳು. ಐದು ವರ್ಷಕ್ಕೆ ಸಾಲುವ ಆಹಾರ. ಬುರುಜುಗಳು ಎಷ್ಟು ಹತ್ತಿರ ಹತ್ತಿರವೆಂದರೆ ಒಂದರಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳುತ್ತಿತ್ತು. ಸಾಮಾನ್ಯವಾಗಿ ಕೋಟೆಗಳು ಬೀಳುವುದು ಹಸಿವು, ಬಾಯಾರಿಕೆಯಿಂದ. ರಾಯಚೂರಿಗೆ ಆ ಭಯವೇ ಇರಲಿಲ್ಲ.

ಮುತ್ತಿಗೆ ಹಾಕಿದವರು ಗೋಡೆ ಒಡೆದದ್ದು ತೋಪಿನಿಂದಲೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಡೆದದ್ದು ತಿರುಗಾಮುರುಗಾ. ತೋಪುಗಳಿದ್ದದ್ದು ಮುಖ್ಯವಾಗಿ ಕೋಟೆಯ ಮೇಲೆ. ಕೆಳಗಿನವರು ನಂಬಿದ್ದು ಹಾರೆ, ಗುದ್ದಲಿಗಳನ್ನು.

ರಾಯನ ಬೀಡು ಊರಿನ ಪೂರ್ವಕ್ಕಿತ್ತು. ಅಲ್ಲಿಂದ ಕಾಲಾಳುಗಳು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳಬೇಕು. ಮೇಲಿನಿಂದ ಬಾಣ, ಕಲ್ಲು, ಗುಂಡಿನ ಮಳೆ. ಸತ್ತವರು ಬಹಳ. ಮುಂದೆ ಹೋಗಲು ಜನ ಹಿಂಜರಿದಾಗ ದಳಪತಿಗಳು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಂಡರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಹಣ (ಆಗಿನ ಒಂದು ಸಣ್ಣ ನಾಣ್ಯ). ಹೀಗೆ ಎಷ್ಟೋ ಕಡೆ ಗೋಡೆ ಕೆಳಗಿಳಿಯಿತು.

ಈ ಸಾಲು ಓದಿದಾಗಲೆಲ್ಲ ನಾನು ಆ ಆಳುಗಳ ಬಗ್ಗೆ ಯೋಚಿಸುತ್ತೇನೆ. ಅವರಲ್ಲಿ ಒಬ್ಬನ ಹೆಸರೂ ನಮಗೆ ಸಿಕ್ಕಿಲ್ಲ. ಒಂದು ದೊಡ್ಡ ಕಲ್ಲಿಗೆ ಐವತ್ತು ಹಣ. ಅದಕ್ಕಾಗಿ ತೋಪಿನ ಬಾಯಿಗೆ ಹೋದವರು ಅವರು. 1520ರ ಗೆಲುವಿನ ಮಾತು ಬಂದಾಗ ಅವರನ್ನೂ ನೆನೆಯಬೇಕು.

ಮೇಲೆ ಇನ್ನೂರು ತೋಪು ಇದ್ದರೂ ಅವರನ್ನು ತಡೆಯಲು ಆಗಲಿಲ್ಲವೇ?

ದೊಡ್ಡ ತೋಪು ದೂರಕ್ಕೆ ಹೊಡೆಯುತ್ತದೆ. ಗೋಡೆಯ ಬುಡಕ್ಕೇ ಬಂದು ನಿಂತವನ ಮೇಲೆ ಬಾಗಿಸಿ ಹೊಡೆಯಲು ಆಗದು. ಮದ್ದು ತುಂಬಲು ಹೊತ್ತು ಬೇಕು. ಮೇಲಾಗಿ ರಾಯಚೂರಿನ ಗೋಡೆಗಳನ್ನು ಕಟ್ಟಿದ್ದು ತೋಪುಗಳ ಕಾಲಕ್ಕಲ್ಲ. ಬಿಲ್ಲುಗಾರ ನಿಲ್ಲಲು ಮಾಡಿದ ಜಾಗಕ್ಕೆ ಭಾರಿ ತೋಪು ತಂದು ಇಟ್ಟರು. ತಿರುಗಿಸಲು ಜಾಗ ಸಾಲದು. ಹೊಸ ಆಯುಧ, ಹಳೆಯ ಕೋಟೆ. ಕಾವಲಿನವರ ಕಷ್ಟ ಅಲ್ಲಿತ್ತು.

ಮೇ 19ರಂದು ಏನಾಯಿತು?

ಕೋಟೆಗೆ ಮುತ್ತಿಗೆ ಬಿದ್ದು ಮೂರು ತಿಂಗಳಾಗಿತ್ತು. ಆಗ ಇಸ್ಮಾಯಿಲ್ ಆದಿಲ್ ಶಾ ನೆರವಿಗೆ ಹೊರಟು ಬಂದ. ನೂನಿಜ್ ಪ್ರಕಾರ ಅವನ ಬಳಿ 18,000 ಕುದುರೆ, 1,20,000 ಕಾಲಾಳು, 150 ಆನೆ, ಜೊತೆಗೆ ದೊಡ್ಡ ತೋಪುಪಡೆ. ನದಿ ದಾಟದೆ ಕಾಯೋಣ ಎಂದವರೂ ಇದ್ದರು. ಅವನು ಕೇಳಲಿಲ್ಲ. ಕುಡಿದ ಅಮಲಿನಲ್ಲಿ ದಾಟುವ ತೀರ್ಮಾನ ಮಾಡಿದ ಎನ್ನುತ್ತಾನೆ ಫೆರಿಷ್ತಾ. ಕೃಷ್ಣೆಯನ್ನು ಬೆನ್ನಿಗಿಟ್ಟುಕೊಂಡು ಬೀಡು ಬಿಟ್ಟ.

ರಾಯ ಮುತ್ತಿಗೆ ಬಿಟ್ಟು ಎದುರು ಹೋದ. ಶನಿವಾರ ಬೆಳಗ್ಗೆ ಯುದ್ಧ. ಮೊದಲ ಪಡೆ ನುಗ್ಗಿದಾಗ ಬಿಜಾಪುರದವರು ಎಲ್ಲ ತೋಪುಗಳನ್ನೂ ಒಮ್ಮೆಗೇ ಹಾರಿಸಿದರು. ಸಾಲು ಸಾಲಾಗಿ ಜನ ಬಿದ್ದರು, ಉಳಿದವರು ಹಿಂದಕ್ಕೆ ಓಡಿದರು. ಅವರ ಹಿಂದೆ ಬಿಜಾಪುರದ ಸವಾರರು. ಆ ಗಳಿಗೆಯಲ್ಲಿ ವಿಜಯನಗರ ಸೋತಿತ್ತು ಎಂದೇ ಹೇಳಬೇಕು.

ಕೃಷ್ಣದೇವರಾಯ ಕೈಯ ಉಂಗುರ ತೆಗೆದು ಒಬ್ಬ ಸೇವಕನಿಗೆ ಕೊಟ್ಟ. ತಾನು ಸತ್ತರೆ ರಾಣಿಯರಿಗೆ ಗುರುತಾಗಿ ಅದನ್ನು ತೋರಿಸಬೇಕು, ಅವರು ಸಹಗಮನ ಮಾಡಲಿ ಎಂದು. ಆಮೇಲೆ ಕುದುರೆ ಏರಿ ಉಳಿದ ಪಡೆಗಳ ಜೊತೆ ನುಗ್ಗಿದ. ಒಮ್ಮೆಗೇ ಹಾರಿಸಿದ ತೋಪುಗಳಿಗೆ ಮತ್ತೆ ಮದ್ದು ತುಂಬುವಷ್ಟು ಬಿಡುವು ಸಿಗಲಿಲ್ಲ. ಓಡಿಸಿಕೊಂಡು ಬಂದ ಸವಾರರ ಸಾಲು ಚದುರಿತ್ತು. ಹಿಂದೆ ನದಿ. ಮುಂದಿನದು ಯುದ್ಧವಲ್ಲ, ಕೊಲೆ. ನೀರಿಗೆ ಬಿದ್ದು ಸತ್ತವರೇ ಬಹಳ. ತಪ್ಪಿಲ್ಲದ ಜನ ಸಾಯುತ್ತಿದ್ದಾರೆ, ಸಾಕು ನಿಲ್ಲಿಸಿ ಎಂದು ರಾಯನೇ ತಡೆದ ಎಂದು ನೂನಿಜ್ ಬರೆದಿದ್ದಾನೆ. ಆದಿಲ್ ಶಾ ಆನೆ ಏರಿ ಪಾರಾದ. ಅವನ ಸೇನಾನಿ ಸಲಾಬತ್ ಖಾನ್ ಕೊನೆವರೆಗೂ ಕಾದಿ ಸೆರೆ ಸಿಕ್ಕಿದ.

ಬೀಡಿನಲ್ಲಿ ಸಿಕ್ಕಿದ್ದು 4,000 ಕುದುರೆ, 100 ಆನೆ, 400 ದೊಡ್ಡ ತೋಪು, ತೋಪುಗಳ 900 ಬಂಡಿ.

ಇದು 1520ರಲ್ಲೋ 1522ರಲ್ಲೋ?

ನೂನಿಜ್ ಹಸ್ತಪ್ರತಿಯಲ್ಲಿ 1522 ಎಂದಿದೆ. ಆದರೆ ಅವನೇ ಮೇ ತಿಂಗಳ ಅಮಾವಾಸ್ಯೆ, ಶನಿವಾರ ಎಂದೂ ಹೇಳುತ್ತಾನೆ. ಪಂಚಾಂಗ ನೋಡಿದರೆ ಅದು ಹೊಂದುವುದು 1520ರ ಮೇ 19ಕ್ಕೆ. ಬಿಜಾಪುರ ಇತ್ತ ಸಿಕ್ಕಿಕೊಂಡದ್ದನ್ನು ನೋಡಿ ಪೋರ್ಚುಗೀಸರು ಗೋವಾದ ಸುತ್ತಲಿನ ಒಳನಾಡನ್ನು ಹಿಡಿದದ್ದೂ 1520ರಲ್ಲೇ. ಹಾಗಾಗಿ 1520 ಸರಿ.

ಕೋಟೆ ಕೊನೆಗೆ ಬಿದ್ದದ್ದು ಹೇಗೆ?

ಗೆದ್ದ ರಾಯ ಮತ್ತೆ ಮುತ್ತಿಗೆಗೆ ಬಂದ. ಈ ಹೊತ್ತಿಗೆ ಕ್ರಿಸ್ತೋವಾವ್ ದ ಫಿಗೆರೆಡೊ ಎಂಬ ಪೋರ್ಚುಗೀಸನೂ ಅಲ್ಲಿದ್ದ. ಕುದುರೆ ಮಾರಲು ಬಂದವನು. ಜೊತೆಗೆ ಇಪ್ಪತ್ತು ಬಂದೂಕುಗಾರರು. ಗೋಡೆಯ ಮೇಲಿನವರು ಅದುವರೆಗೆ ಹೆದರದೆ ಓಡಾಡುತ್ತಿದ್ದರು. ಬಾಣಕ್ಕೆ ಅಷ್ಟು ದೂರ ಎಟುಕುತ್ತಿರಲಿಲ್ಲ. ಬಂದೂಕು ಎಟುಕಿತು. ಕೋಟೆಗೋಡೆಯ ತೆನೆಗಳ ನಡುವೆ ತಲೆ ಎತ್ತಿದವರೆಲ್ಲ ಬಿದ್ದರು. ಗೋಡೆ ಖಾಲಿಯಾಯಿತು. ಕೆಳಗಿನವರಿಗೆ ಕಲ್ಲು ಕೀಳುವುದು ಸುಲಭವಾಯಿತು.

ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಕಾರಿ ಒಂದು ಕಂಡಿಯಿಂದ ಹೊರಗೆ ಬಾಗಿದ. ಹಣೆಯ ನಡುವೆ ಗುಂಡು ತಾಗಿ ಅಲ್ಲೇ ಸತ್ತ. ಮರುದಿನ ಊರಿನವರು ಬಾಗಿಲು ತೆರೆದು ಶರಣು ಬಂದರು.

ಅಂದರೆ ಪೋರ್ಚುಗೀಸರೇ ಗೆಲ್ಲಿಸಿಕೊಟ್ಟರು ಅನ್ನಬಹುದೇ?

ಬೇಡ. ಕಥೆ ಹೇಳಿದವನು ಪೋರ್ಚುಗೀಸ. ತನ್ನವರ ಪಾತ್ರ ದೊಡ್ಡದಾಗಿ ಕಂಡದ್ದು ಸಹಜ. ಇಪ್ಪತ್ತು ಬಂದೂಕು ಕೊನೆಯ ತಳ್ಳು ಕೊಟ್ಟಿರಬಹುದು, ಅಷ್ಟೇ.

ಯೋಚಿಸಿ: ಐದು ವರ್ಷದ ಅನ್ನ, ಬತ್ತದ ನೀರು ಇದ್ದ ಊರು ಒಬ್ಬ ಅಧಿಕಾರಿ ಸತ್ತ ಮಾತ್ರಕ್ಕೆ ಬಾಗಿಲು ತೆರೆಯಿತೇಕೆ? ಬರಬೇಕಿದ್ದ ನೆರವು ಬಾರದು ಎಂದು ಅವರಿಗೆ ಆಗಲೇ ಗೊತ್ತಿತ್ತು. ಕೋಟೆಯ ಕೆಲಸ ಶತ್ರುವನ್ನು ತಡೆದು ನಿಲ್ಲಿಸುವುದು, ತಮ್ಮ ದಂಡು ಬರುವವರೆಗೆ. ಆ ದಂಡೇ ಕೃಷ್ಣೆಯಲ್ಲಿ ಮುಳುಗಿದ ಮೇಲೆ ಯಾರಿಗಾಗಿ ಕಾಯಬೇಕು? ರಾಯಚೂರು ಸೋತದ್ದು ಹೊಳೆಯ ದಂಡೆಯಲ್ಲಿ.

ಇನ್ನೊಂದು ವಿಷಯ. ಪೋರ್ಚುಗೀಸರು ಎರಡೂ ಕಡೆ ಇದ್ದರು. ಸಲಾಬತ್ ಖಾನನ ರಕ್ಷಣೆಗೆ ನಿಂತು ಕಾದಾಡಿದವರು ಗೋವಾ ಬಿಟ್ಟು ಬಂದಿದ್ದ 500 ಪೋರ್ಚುಗೀಸರು.

ಊರಿನ ಜನರಿಗೆ ಏನಾಯಿತು?

ಹೆಚ್ಚು ಜನ ಕೇಳದ ಪ್ರಶ್ನೆ ಇದು, ಕೇಳಬೇಕಾದದ್ದೂ ಇದೇ. ಊರಿನವರು ಅಂಜುತ್ತಾ ರಾಯನ ಮುಂದೆ ಬಂದು ನಿಂತರು. ನಿಮ್ಮ ಆಸ್ತಿಪಾಸ್ತಿ ನಿಮ್ಮದೇ, ಇರುವವರು ಇರಿ, ಹೋಗುವವರು ತಮ್ಮ ಸಾಮಾನಿನ ಸಮೇತ ಹೋಗಿ ಎಂದು ಆತ ಹೇಳಿದ ಎಂಬುದು ನೂನಿಜ್ ಕೊಡುವ ವಿವರ. ಕೊಳ್ಳೆಗೆ ಅವಕಾಶ ಕೊಡಲಿಲ್ಲ.

ಇದು ದೊಡ್ಡ ಗುಣ. ಲೆಕ್ಕಾಚಾರವೂ ಹೌದು. ಗಡಿಯ ಊರನ್ನು ಸುಟ್ಟರೆ ಕಾಯಲು ಏನು ಉಳಿಯುತ್ತದೆ? ಆದರೆ ಸುತ್ತಲಿನ ಹಳ್ಳಿಗಳಿಗೆ ಇಂಥ ಅಭಯ ಸಿಕ್ಕಿದ ದಾಖಲೆ ಇಲ್ಲ. ದೋಆಬ್‌ನ ರೈತರು ಎರಡು ನೂರು ವರ್ಷ ಎರಡೂ ಕಡೆಯ ದಂಡುಗಳಿಗೆ ಮೇವು, ಕಾಳು ಕೊಟ್ಟರು, ಬೆಳೆ ಕಳೆದುಕೊಂಡರು. ಅವರ ಕಡೆಯಿಂದ ಈ ಇತಿಹಾಸವನ್ನು ಯಾರೂ ಬರೆಯಲಿಲ್ಲ.

ಇದು ಹಿಂದೂ–ಮುಸ್ಲಿಂ ಯುದ್ಧವೇ?

ಅಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡನೇ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡ. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಈಗಲೂ ಇದೆ. ಬಹಮನಿ ಒಡೆದ ಮೇಲೆ ಸುಲ್ತಾನರು ಪರಸ್ಪರ ಕಾದಾಡಿದ್ದೇನು ಕಡಿಮೆಯಲ್ಲ. 1550ರ ದಶಕದಲ್ಲಿ ರಾಮರಾಯ ರಾಯಚೂರು ಪಡೆದದ್ದು ಅಹ್ಮದ್‌ನಗರದ ನಿಜಾಮ್ ಶಾಹನ ಜೊತೆ ಕೈಜೋಡಿಸಿ, ಬಿಜಾಪುರದ ವಿರುದ್ಧ. ಕೆಲವೇ ವರ್ಷದಲ್ಲಿ ಅದೇ ರಾಮರಾಯ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋದ.

ಧರ್ಮದ ಮಾತು ಇರಲೇ ಇಲ್ಲ ಎಂದಲ್ಲ. ಎರಡೂ ಕಡೆಯ ಬರಹಗಾರರು ಆ ಮಾತು ಬಳಸಿದ್ದಾರೆ. ಆದರೆ ಜಗಳ ನೆಲದ್ದು, ಕಂದಾಯದ್ದು, ಕುದುರೆಯದ್ದು, ಮಾನದ್ದು. ಗೆದ್ದ ಮೇಲೆ ಕೃಷ್ಣದೇವರಾಯ ಆದಿಲ್ ಶಾಹನಿಗೆ ಹಾಕಿದ ಷರತ್ತೇನು? ಬಂದು ನನ್ನ ಪಾದಕ್ಕೆ ಮುತ್ತಿಡು, ನೆಲ ವಾಪಸ್ ಕೊಡುತ್ತೇನೆ. ಅವನು ಬರಲಿಲ್ಲ. ರಾಯ ಬಿಜಾಪುರದವರೆಗೂ ಹೋದ. ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ಒಂದು ವಂದನೆಗೆ ಬದಲಾಗಿ ಬಿಟ್ಟುಕೊಡಲು ಸಿದ್ಧ ಎಂದರೆ, ಮಾನದ ತೂಕ ಎಷ್ಟಿತ್ತು ನೋಡಿ. ಆ ಸೊಕ್ಕು ವಿಜಯನಗರಕ್ಕೆ ಒಳ್ಳೆಯದು ಮಾಡಲಿಲ್ಲ ಎಂಬುದು ನನ್ನ ಅನಿಸಿಕೆ. ಸೋತವನ ಜೊತೆ ನಾಳೆ ನೆರೆಹೊರೆಯಾಗಿ ಬದುಕಬೇಕಿತ್ತು.

ಗೆದ್ದ ಕೋಟೆ ಎಷ್ಟು ಕಾಲ ಉಳಿಯಿತು?

ಹತ್ತು ವರ್ಷ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಮರುವರ್ಷವೇ ಇಸ್ಮಾಯಿಲ್ ಆದಿಲ್ ಶಾ ಬಂದು ರಾಯಚೂರು, ಮುದಗಲ್ ಎರಡನ್ನೂ ಮುತ್ತಿಗೆ ಹಾಕಿ ಪಡೆದ. ಈ ಎರಡು ಕೋಟೆ ಸಿಗುವವರೆಗೆ ಮದ್ಯ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದನಂತೆ.

ಮುಂದೆ ರಾಮರಾಯನ ಕಾಲದಲ್ಲಿ ಮತ್ತೆ ವಿಜಯನಗರಕ್ಕೆ. 1564ರ ಹೊತ್ತಿಗೆ ಅಲಿ ಆದಿಲ್ ಶಾ ದೂತನನ್ನು ಕಳಿಸಿ ಈ ಕೋಟೆಗಳನ್ನು ವಾಪಸ್ ಕೇಳಿದ. ರಾಮರಾಯ ದೂತನನ್ನು ಹೊರಗೆ ಕಳಿಸಿದ. 1565ರ ಜನವರಿ 23ರಂದು ರಕ್ಕಸತಂಗಡಿ (ತಾಳಿಕೋಟೆ) ಯುದ್ಧದಲ್ಲಿ ವಿಜಯನಗರ ಸೋತಿತು. ಅಲ್ಲಿಂದ ಮುಂದೆ ರಾಯಚೂರಿಗಾಗಿ ಕಾದಾಡಲು ತುಂಗಭದ್ರಾ ದಂಡೆಯಲ್ಲಿ ರಾಜಧಾನಿಯೇ ಉಳಿಯಲಿಲ್ಲ.

1520ರಿಂದ ಯಾರು ಏನು ಕಲಿತರು?

ಇದರ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಸೋತವರು ಜಾಸ್ತಿ ಕಲಿತರು.

ವಿಜಯನಗರಕ್ಕೆ ಕಂಡದ್ದು, ತೋಪುಗಳಿದ್ದರೂ ಕುದುರೆ ಸವಾರರ ಧೈರ್ಯವೇ ಗೆದ್ದಿತು ಅನ್ನುವುದು. 400 ತೋಪು ಕೈಗೆ ಸಿಕ್ಕರೂ ಅವು ಅವರ ಯುದ್ಧದ ರೀತಿಯನ್ನು ಬದಲಿಸಲಿಲ್ಲ. ಬಿಜಾಪುರಕ್ಕೆ ಕಂಡದ್ದು ಬೇರೆ. ತೋಪು ಇಡುವ ಜಾಗ ತಪ್ಪು, ಹಾರಿಸಿದ ರೀತಿ ತಪ್ಪು. ಮುಂದಿನ ದಶಕಗಳಲ್ಲಿ ದಖನ್ನಿನ ಸುಲ್ತಾನರ ಕೋಟೆಗಳಲ್ಲಿ ತೋಪಿಗೆಂದೇ ಅಗಲವಾದ ಬುರುಜುಗಳು ಎದ್ದವು, ತೋಪು ಸುತ್ತಲೂ ತಿರುಗುವಂತೆ ನಡುವೆ ಗೂಟ ನಿಲ್ಲಿಸಿದರು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಈಗ ವಿಜಯಪುರದ ಬುರುಜಿನ ಮೇಲಿದೆ. ರಾಯಚೂರು ನೋಡಿ ಆಮೇಲೆ ಅದನ್ನು ನೋಡಿದರೆ ಎಷ್ಟು ದೂರ ಸಾಗಿದರು ಎಂದು ಕಣ್ಣಿಗೇ ಕಾಣುತ್ತದೆ.

ಪಾಣಿಪತ್‌ನಲ್ಲಿ ಬಾಬರ ತೋಪು ಬಳಸಿದ್ದು 1526ರಲ್ಲಿ. ಅದನ್ನೇ ಎಲ್ಲರೂ ಓದುತ್ತೇವೆ. ಅದಕ್ಕೂ ಆರು ವರ್ಷ ಮೊದಲು ಕೃಷ್ಣೆಯ ದಂಡೆಯಲ್ಲಿ ನೂರಾರು ತೋಪು ಗುಡುಗಿದ್ದವು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮಾತಿಗೆ ಇನ್ನಷ್ಟು ಜಾಗ ಬೇಕು.

1565ರ ನಂತರ ಕೋಟೆ ಯಾರದ್ದಾಯಿತು?

1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಸೋತಿತು, ರಾಯಚೂರು ಮೊಘಲರಿಗೆ ಹೋಯಿತು. ಆಮೇಲೆ ಹೈದರಾಬಾದಿನ ನಿಜಾಮರಿಗೆ. 1853ರಿಂದ 1860ರವರೆಗೆ ದೋಆಬ್ ಬ್ರಿಟಿಷರ ಕೈಯಲ್ಲಿತ್ತು, ಮತ್ತೆ ನಿಜಾಮರಿಗೆ ಮರಳಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು.

ಈಗ ಹೋದರೆ ಏನು ನೋಡಬೇಕು?

ಕೋಟೆ ಊರಿನ ನಡುವೆಯೇ ಇದೆ. ಮನೆ, ಅಂಗಡಿ, ವಾಹನಗಳ ನಡುವೆ ಗೋಡೆ ಕಾಣಿಸುತ್ತದೆ, ಮಾಯವಾಗುತ್ತದೆ. ಮೊದಲು ಪಶ್ಚಿಮಕ್ಕೆ ಹೋಗಿ. ಮೆಕ್ಕಾ ದರ್ವಾಜಾ ಹೊರಗಿನದು, ಸಿಕಂದರಿ ದರ್ವಾಜಾ ಒಳಗಿನದು. ಆ ಕಡೆಯ ಒಳಗೋಡೆಯಲ್ಲೇ 1294ರ ಕಲ್ಲು ಮತ್ತು ಕೋಣಗಳ ಚಿತ್ರ ಇವೆ. ಪೂರ್ವದ ಕಾಟಿ ದರ್ವಾಜಾ ಕಡೆ ನಿಂತಾಗ ರಾಯನ ಬೀಡು ಇದೇ ದಿಕ್ಕಿನಲ್ಲಿತ್ತು ಎಂದು ನೆನಪಿರಲಿ. ಒಳಗೆ 1513ರ ಏಕ್ ಮಿನಾರ್ ಮಸೀದಿ ಇದೆ. ಒಂದೇ ಮಿನಾರು, ಸುಮಾರು 65 ಅಡಿ ಎತ್ತರ. 1520ರ ಮುತ್ತಿಗೆಯನ್ನು ಕಂಡ ಕಟ್ಟಡ ಅದು.

ಕೊನೆಗೆ ಬಾಲಾಹಿಸಾರ್ ಹತ್ತಿ. ಮೇಲೊಂದು ಉದ್ದನೆಯ ಕಬ್ಬಿಣದ ತೋಪಿದೆ. ಅಲ್ಲಿಂದ ಸುತ್ತ ನೋಡಿದರೆ ಈ ಗುಡ್ಡ ಕೈಲಿದ್ದವನಿಗೆ ಯಾವ ದಂಡೂ ಗುಟ್ಟಾಗಿ ಬರಲು ಸಾಧ್ಯವಿರಲಿಲ್ಲ ಎಂದು ಗೊತ್ತಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ಹತ್ತಿ ಇಳಿದುಬಿಡಿ.

ದಯವಿಟ್ಟು ಕಲ್ಲಿನ ಮೇಲೆ ಹೆಸರು ಕೊರೆಯಬೇಡಿ. ಗೋಡೆಗೆ ಒರಗಿಸಿ ಕಸ ಸುರಿಯುವುದನ್ನು ಕಂಡರೆ ಸುಮ್ಮನಿರಬೇಡಿ.

ಮಲಿಯಾಬಾದ್, ಮುದಗಲ್ ಕೂಡ ನೋಡಬಹುದೇ?

ಮಲಿಯಾಬಾದ್ ಹತ್ತಿರವೇ ಇದೆ. ಮುತ್ತಿಗೆಗೆ ಬರುವಾಗ ಕೃಷ್ಣದೇವರಾಯನ ದಂಡು ತಂಗಿದ್ದು ಅಲ್ಲೇ. ಹಾಳಾದ ಕೋಟೆ, ಕಲ್ಲಿನ ಆನೆಗಳು ಇವೆ. ಅರ್ಧ ದಿನ ಸಾಕು. ಮುದಗಲ್ ದೂರ, ಲಿಂಗಸುಗೂರು ದಾಟಿ ಹೋಗಬೇಕು, ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಒಂದು ದಿನ ಬೇರೆಯೇ ಇಡಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಮುದಗಲ್ ಕೋಟೆಯ ಒಳಸುತ್ತು ನೋಡಲು ಹೊತ್ತು ಸಾಲುವುದಿಲ್ಲ.